ಎಂಜಿನ್ ಸರಿ, ಸಿನಿಮಾ ಹಾಡೇಕೆ ಬೇಡ?

ವಿದ್ಯಾರ್ಥಿಗಳ ವಿಡಿಯೊ ಗೇಮ್ ಸ್ಪರ್ಧೆಗಳಲ್ಲಿ ಯೂನಿಟಿಯಂಥ ಸಿದ್ಧ ಎಂಜಿನ್ ಬಳಸಲು ಸಾಮಾನ್ಯವಾಗಿ ಬಿಡುತ್ತಾರೆ, ಸಿನಿಮಾ ಹಾಡು ಹಾಕಲು ಬಿಡುವುದಿಲ್ಲ. ಏಕೆ?

ರಂಗೋಲಿ ಸ್ಪರ್ಧೆಗೆ ಪುಡಿಯನ್ನು ಅಂಗಡಿಯಿಂದ ತರಬಹುದು, ಚಿತ್ತಾರ ಮಾತ್ರ ನಿಮ್ಮ ಕೈಯದೇ ಆಗಬೇಕು. ಎಂಜಿನ್ ಆ ಪುಡಿಯಂತೆ. ಪರದೆಯ ಮೇಲೆ ಚಿತ್ರ ಮೂಡಿಸುವ, ಚೆಂಡು ಪುಟಿಸುವ ಸಾಮಾನ್ಯ ಕೆಲಸ ಅದರದು; ಬಳಸಲು ಒಡೆಯರೇ ಪರವಾನಗಿ ಕೊಟ್ಟಿರುತ್ತಾರೆ. ಹಾಡಿನ ಹಕ್ಕು ಬೇರೆಯವರದು. ಆಟವನ್ನು ಎಲ್ಲರೆದುರು ಪ್ರದರ್ಶಿಸಿದಾಗ ಅದು ಕಾನೂನಿನ ತೊಡಕಾಗುತ್ತದೆ.

ಮುಖ್ಯವಾಗಿ ಬೇಕಾದದ್ದು ಸ್ವಂತ ಕಲ್ಪನೆ. ಅಮೆರಿಕದ ಡಿಜಿಪೆನ್ ಸಂಸ್ಥೆಯ ವಿದ್ಯಾರ್ಥಿಗಳು 2005ರಲ್ಲಿ 'ನಾರ್ಬ್ಯಾಕ್ಯುಲರ್ ಡ್ರಾಪ್' ಎಂಬ ಪುಟ್ಟ ಆಟ ಮಾಡಿದರು. ಒಂದು ಗೋಡೆಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬರುವ ಅದರ ಕಲ್ಪನೆ ಮೆಚ್ಚಿ ವಾಲ್ವ್ ಕಂಪನಿ ಅವರನ್ನು ಕೆಲಸಕ್ಕೆ ಸೇರಿಸಿಕೊಂಡಿತು. 2007ರ ಪ್ರಸಿದ್ಧ ಆಟ 'ಪೋರ್ಟಲ್' ಹುಟ್ಟಿದ್ದು ಹಾಗೆ.