ಜೋಗದ ಚಕ್ರ ಮತ್ತು ಸಂವೇಗದ ನಿಯಮ

ಭದ್ರಾವತಿಯ ಹೊಸಮನೆಯಲ್ಲಿ ಬೆಳೆದವರಿಗೆ ಕಬ್ಬಿಣದ ಕಾರ್ಖಾನೆಯ ಕಥೆ ಹೊಸದಲ್ಲ. 1923ರಲ್ಲಿ ಇದ್ದಿಲಿನ ಕುಲುಮೆಯಿಂದ ಕಬ್ಬಿಣ ತೆಗೆಯಲಾರಂಭಿಸಿದ ಆ ಕಾರ್ಖಾನೆಗೆ 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಅವಕ್ಕೆ ಆಧಾರವಾದುದು ಜೋಗದ ವಿದ್ಯುತ್ತು. 1948ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿನ ವಿದ್ಯುದಾಗಾರದಲ್ಲಿ ನೀರು ಚಕ್ರವನ್ನು ತಿರುಗಿಸುವ ಬಗೆಯನ್ನು ಅರಿತರೆ, ಸಂವೇಗ, ಆವೇಗ, ಬಲ ಎಂಬ ಪಠ್ಯದ ಮೂರು ಶಬ್ದಗಳ ಅರ್ಥವು ಸ್ಪಷ್ಟವಾಗುತ್ತದೆ.

ವಸ್ತುವಿನ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಬರುವುದು ಸಂವೇಗ. ಬಲವನ್ನು ಅದು ವರ್ತಿಸಿದ ಕಾಲದಿಂದ ಗುಣಿಸಿದರೆ ಬರುವುದು ಆವೇಗ. ಆವೇಗವು ಸಂವೇಗದಲ್ಲಾದ ಬದಲಾವಣೆಗೆ ಸಮ. ಇದು ನ್ಯೂಟನ್ನನ ಎರಡನೆಯ ನಿಯಮದ ಸಾರ. ವೇಗಕ್ಕೆ ದಿಕ್ಕು ಇರುವುದರಿಂದ ಸಂವೇಗಕ್ಕೂ ದಿಕ್ಕುಂಟು. ಇದನ್ನು ಮರೆತಲ್ಲಿಯೇ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುತ್ತಾರೆ.

ಸೆಕೆಂಡಿಗೆ 1 ಕಿಲೋಗ್ರಾಂ ನೀರು 80 ಮೀಟರ್ ವೇಗದಿಂದ ಬಂದು, ಅಲುಗದ ಚಪ್ಪಟೆ ಹಲಗೆಗೆ ಬಡಿದು ಪಕ್ಕಕ್ಕೆ ಚೆದರಿತೆನ್ನೋಣ. ಮುಂದಿನ ದಿಕ್ಕಿನ ಸಂವೇಗವೆಲ್ಲ ಅಳಿಯಿತು. ಹಲಗೆಯ ಮೇಲಿನ ಬಲ 80 ನ್ಯೂಟನ್. ಅದೇ ನೀರು ಬಟ್ಟಲೊಂದರಲ್ಲಿ ಹೊರಳಿ, ಬಂದ ದಿಕ್ಕಿಗೇ ಅದೇ ವೇಗದಿಂದ ಹಿಂತಿರುಗಿದರೆ ಬದಲಾವಣೆ ಇಮ್ಮಡಿಯಾಗುತ್ತದೆ. ಬಲ 160 ನ್ಯೂಟನ್.

ಅಮೆರಿಕದ ಲೆಸ್ಟರ್ ಪೆಲ್ಟನ್ 1880ರಲ್ಲಿ ಪೇಟೆಂಟ್ ಪಡೆದ ಚಕ್ರದ ಮರ್ಮ ಇದೇ. ಅದರ ಅಂಚಿನಲ್ಲಿ ಜೋಡಿ ಬಟ್ಟಲುಗಳಿರುತ್ತವೆ. ನಡುವಿನ ಏಣು ನೀರನ್ನು ಇಬ್ಭಾಗ ಮಾಡಿ ಹಿಂದಕ್ಕೆ ಹೊರಳಿಸುತ್ತದೆ. ಜೋಗದಲ್ಲಿರುವುದೂ ಈ ಬಗೆಯ ಚಕ್ರವೇ. ಬಟ್ಟಲು ನೀರಿನ ಅರ್ಧ ವೇಗದಲ್ಲಿ, ಎಂದರೆ 40 ಮೀಟರ್ ವೇಗದಲ್ಲಿ ಓಡುತ್ತಿದ್ದರೆ, ನೀರು ತನ್ನ ವೇಗವನ್ನೆಲ್ಲ ಚಕ್ರಕ್ಕೆ ಒಪ್ಪಿಸಿ ಕೆಳಗೆ ಬೀಳುತ್ತದೆ. ಮೇಲಿನ ಲೆಕ್ಕದಂತೆ ಚಕ್ರಕ್ಕೆ ದೊರೆಯುವುದು 3,200 ವ್ಯಾಟ್. ಚಪ್ಪಟೆ ಹಲಗೆಗಳ ಚಕ್ರಕ್ಕೆ ಹೆಚ್ಚೆಂದರೆ 1,600 ವ್ಯಾಟ್, ಉಳಿದರ್ಧ ವ್ಯರ್ಥ. ನಿಜವಾದ ಯಂತ್ರದಲ್ಲಿ ಘರ್ಷಣೆಯಿಂದ ಇನ್ನಷ್ಟು ನಷ್ಟವಾಗುವುದುಂಟು; ಆದರೆ ಬಟ್ಟಲಿನ ಮೇಲ್ಮೆಗೆ ಅದರಿಂದ ಕುಂದಿಲ್ಲ.

ಇದನ್ನು ತೋರಿಸಲು ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಒಂದು ಹಲಗೆಯ ತುಂಡನ್ನೂ ಅದೇ ತೂಕದ ತೆಂಗಿನ ಕರಟವನ್ನೂ ದಾರದಿಂದ ತೂಗುಬಿಟ್ಟು, ಕರಟದ ಬಾಯಿ ನೀರಿನ ಕಡೆಗಿರುವಂತೆ ಹಿಡಿದು, ಒಂದೇ ಕೊಳವೆಯಿಂದ ಎರಡರ ನಡುವಿಗೂ ನೀರು ಹಾಯಿಸಿದರೆ ಸಾಕು. ಕರಟವೇ ಹೆಚ್ಚು ದೂರ ಸರಿಯುವುದು. ಏಕೆಂಬ ಪ್ರಶ್ನೆ ಆಗ ಮಕ್ಕಳ ಬಾಯಿಂದಲೇ ಬರುವುದು. ಸೂತ್ರವನ್ನು ಕರಿಹಲಗೆಯ ಮೇಲೆ ಬರೆಯಲು ಅದೇ ಸರಿಯಾದ ಸಮಯ.