ಚಳಿಗಾಲದ ಬೀದರಿಗೆ ಹಗಲು ರೈಲು

ಬೆಂಗಳೂರಿನಲ್ಲಿ ವಿಮಾನ ಹತ್ತಿದರೆ ಒಂದೂಕಾಲು ಗಂಟೆಯ ಆಸುಪಾಸಿನಲ್ಲಿ ಬೀದರ್. ರೈಲಿಗಾದರೆ ಕಡಿಮೆಯೆಂದರೂ ಹನ್ನೆರಡು ಗಂಟೆ ಬೇಕು, ಗಾಡಿ ಮತ್ತು ದಾರಿ ನೋಡಿಕೊಂಡು ಇನ್ನೂ ಎರಡು ಮೂರು ಗಂಟೆ ಹೆಚ್ಚು. ಈ ಎರಡು ಲೆಕ್ಕ ಪಕ್ಕಪಕ್ಕ ಇಟ್ಟರೆ ಮಾತು ಮುಗಿದಂತೆಯೇ ಕಾಣುತ್ತದೆ. ಆದರೂ ಆಸ್ಪತ್ರೆ, ಕೋರ್ಟು, ಸಂದರ್ಶನದಂಥ ಅವಸರ ಇಲ್ಲದವರು, ಅದರಲ್ಲೂ ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಹೊರಟವರು, ರೈಲನ್ನೇ ಹಿಡಿಯುವುದು ಮೇಲು. ಕೊನೆಯ ಐದಾರು ಗಂಟೆ ಹಗಲಿನಲ್ಲಿ ಸಾಗುವ ರೈಲಾದರೆ ಇನ್ನೂ ಮೇಲು. ಬೀದರ್ ಕರ್ನಾಟಕದ ಉಳಿದ ಜಿಲ್ಲೆಗಳಂತಿಲ್ಲ. ಅದರ ಕಲ್ಲು ಬೇರೆ, ನೀರು ಹರಿಯುವ ದಿಕ್ಕು ಬೇರೆ, ಚಳಿಯೂ ಬೇರೆ. ಯಾಕೆ ಬೇರೆ ಎಂಬುದಕ್ಕೆ ಉತ್ತರ ದಾರಿಯ ಮಗ್ಗುಲಲ್ಲೇ ಹರಡಿಕೊಂಡಿದೆ, ವಿಮಾನದಲ್ಲಿ ಹೋದವರಿಗೆ ಆ ದಾರಿಯೇ ಸಿಗುವುದಿಲ್ಲ.

ಮೊದಲು ಹೊತ್ತಿನ ಲೆಕ್ಕವನ್ನೇ ಸರಿಯಾಗಿ ಮಾಡೋಣ. ಬೆಂಗಳೂರಿನ ಮನೆಯಿಂದ ದೇವನಹಳ್ಳಿ ಮುಟ್ಟಲು ಟ್ರಾಫಿಕ್ ನೋಡಿಕೊಂಡು ಒಂದರಿಂದ ಎರಡು ಗಂಟೆ. ಅಲ್ಲಿ ತಪಾಸಣೆ, ಕಾಯುವಿಕೆ ಅಂತ ಇನ್ನೊಂದೂವರೆ ಗಂಟೆ. ಬೀದರಿನಲ್ಲಿ ಇಳಿದವರೆಲ್ಲ ಬೀದರಿನವರೂ ಅಲ್ಲ. ಭಾಲ್ಕಿಗೋ ಔರಾದಿಗೋ ಹೋಗಬೇಕಾದರೆ ಅಲ್ಲಿಂದ ಮತ್ತೆ ನಲವತ್ತು ಕಿಲೋಮೀಟರ್ ಆಸುಪಾಸಿನ ರಸ್ತೆ. ಮನೆಯ ಹೊಸಿಲಿನಿಂದ ಹೊಸಿಲಿಗೆ ಎಣಿಸಿದರೆ ಐದಾರು ಗಂಟೆ, ಅಂದರೆ ಹಗಲಿನ ಅರ್ಧ ದಿನ ಹೋಯಿತು. ರಾತ್ರಿ ಊಟ ಮುಗಿಸಿ ರೈಲು ಹತ್ತಿ, ಮಲಗಿ ಎದ್ದು, ಮರುದಿನ ಮಧ್ಯಾಹ್ನದ ಹೊತ್ತಿಗೆ ಇಳಿದವನಿಗೂ ಖರ್ಚಾಗುವುದು ಹಗಲಿನ ಅರ್ಧ ದಿನವೇ. ಹದಿಮೂರು ಗಂಟೆಯಲ್ಲಿ ಎಂಟು ಗಂಟೆ ನಿದ್ದೆಯದು. ಆ ನಿದ್ದೆಯನ್ನು ಮನೆಯಲ್ಲಿದ್ದರೂ ಮಾಡಲೇಬೇಕಿತ್ತು. ಇದರ ಮೇಲೆ ಚಳಿಗಾಲದ ಬೆಳಗಿನ ದಟ್ಟ ಮಂಜಿಗೆ ದೇವನಹಳ್ಳಿಯಲ್ಲಿ ವಿಮಾನಗಳು ತಡವಾಗುವುದು ಹೊಸ ಸುದ್ದಿಯಲ್ಲ. ಸ್ಲೀಪರ್ ಬೋಗಿಯ ಟಿಕೆಟ್ ಐನೂರು ರೂಪಾಯಿ ದಾಟುವುದಿಲ್ಲ ಎಂಬುದನ್ನು ಇಲ್ಲಿ ಹೇಳಿ ಮುಂದೆ ಹೋಗಬಹುದು, ಹಣದ ವಿಷಯಕ್ಕೆ ಅಷ್ಟು ಮಾತು ಸಾಕು.

ಬೀದರಿನ ವಿಮಾನಕ್ಕೆ ಇನ್ನೊಂದು ತೊಂದರೆ ಇದೆ: ಅದು ಬರುತ್ತದೆ, ಹೋಗುತ್ತದೆ. ವಾಯುಪಡೆಯ ತರಬೇತಿ ನೆಲೆಯ ರನ್‌ವೇ ಹಂಚಿಕೊಂಡು ನಾಗರಿಕ ವಿಮಾನ ಹಾರಿಸುವ ಮಾತು ಬಹಳ ಹಳೆಯದು. ಶಂಶಾಬಾದಿನ ಹೈದರಾಬಾದ್ ವಿಮಾನ ನಿಲ್ದಾಣದ ಒಪ್ಪಂದದಲ್ಲಿ 150 ಕಿಲೋಮೀಟರ್ ವ್ಯಾಪ್ತಿಯೊಳಗೆ ಇನ್ನೊಂದು ನಿಲ್ದಾಣ ಬೇಡ ಎಂಬ ಷರತ್ತು ಇದ್ದದ್ದರಿಂದ ಬೀದರಿನ ಟರ್ಮಿನಲ್ ವರ್ಷಗಟ್ಟಲೆ ಬೀಗ ಹಾಕಿಕೊಂಡೇ ಕೂತಿತ್ತು. 2020ರ ಫೆಬ್ರುವರಿಯಲ್ಲಿ ಉಡಾನ್ ಯೋಜನೆಯಡಿ ಟ್ರೂಜೆಟ್ ಹಾರಾಟ ಶುರುವಾಯಿತು. ಬೆನ್ನಿಗೇ ಕೋವಿಡ್ ಬಂತು, ಮುಂದೆ ಆ ಕಂಪನಿಯೇ ಹಾರಾಟ ನಿಲ್ಲಿಸಿತು. 2022ರ ಜೂನ್‌ನಲ್ಲಿ ಸ್ಟಾರ್ ಏರ್ ಬಂತು, 2023ರ ಕೊನೆಗೆ ಅದೂ ನಿಂತಿತು, ರಾಜ್ಯ ಸರ್ಕಾರ ನೆರವಿಗೆ ಒಪ್ಪಿದ ಮೇಲೆ 2025ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು. ಇದರಲ್ಲಿ ಯಾರನ್ನೂ ದೂರುವ ಹಾಗಿಲ್ಲ. ಚಿಕ್ಕ ಊರಿಗೆ ಹಾರುವ ಚಿಕ್ಕ ವಿಮಾನ ನೆರವಿನ ಮೇಲೆ ನಿಂತಿರುತ್ತದೆ, ನೆರವಿನ ಅವಧಿ ಮುಗಿದರೆ ರೆಕ್ಕೆ ಮಡಚುತ್ತದೆ. ವಿಕಾರಾಬಾದಿನಿಂದ ಬೀದರ್, ಭಾಲ್ಕಿ, ಉದಗೀರ ಹಾಯ್ದು ಪರಳಿಗೆ ಹೋಗುವ ಹಳಿಯಾದರೋ ನಿಜಾಮರ ಕಾಲದ್ದು. ಆಳಿದವರು ಬದಲಾದರು, ರಾಜ್ಯದ ಗಡಿಗಳು ಬದಲಾದವು, ಗಾಡಿ ಮಾತ್ರ ಓಡುತ್ತಲೇ ಇದೆ.

“ಬಯಲುಸೀಮೆಯಲ್ಲಿ ಕಿಟಕಿಯಿಂದ ನೋಡುವಂಥದ್ದು ಏನಿದೆ?” ಎಂಬ ಆಕ್ಷೇಪ ಹೊತ್ತಿನ ಲೆಕ್ಕಕ್ಕಿಂತ ಗಟ್ಟಿಯಾದದ್ದು. ರೈಲಿನ ಸೊಬಗು ಅಂದರೆ ನಮಗೆ ಸಕಲೇಶಪುರ–ಸುಬ್ರಹ್ಮಣ್ಯದ ಘಾಟಿ, ಇಲ್ಲವೇ ದೂಧಸಾಗರ. 2021ರಲ್ಲಿ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಯನ್ನು ಜೋಡಿಸಿದ್ದೂ ಮಂಗಳೂರಿನ ಗಾಡಿಗೇ. ಘಾಟಿಯ ಚೆಲುವು ಕಣ್ಣಿಗೆ ತಾನಾಗಿ ಬಂದು ಬೀಳುತ್ತದೆ. ಬಯಲಿನ ಚೆಲುವಿಗೆ ತುಸು ತಿಳಿವಳಿಕೆ ಬೇಕು, ಅದು ಗೊತ್ತಾದ ಮೇಲೆ ಕಿಟಕಿ ಬಿಟ್ಟು ಏಳಲು ಮನಸ್ಸಾಗುವುದಿಲ್ಲ. ರಾತ್ರಿ ಬೆಂಗಳೂರು ಬಿಟ್ಟು ಭಾಲ್ಕಿಯ ಮೇಲೆ ಹೋಗುವ ನಾಂದೇಡ ಲಿಂಕ್ ಎಕ್ಸ್‌ಪ್ರೆಸ್‌ನ ದಾರಿಯನ್ನೇ ನೋಡಿ. ರಾಯಚೂರಿನ ಆಸುಪಾಸಿನಲ್ಲಿ ಬೆಳಕು ಹರಿಯಿತು ಎಂದುಕೊಳ್ಳಿ. ಅಲ್ಲಿ ಗುಂಡು ಗುಂಡಾದ ಗ್ರಾನೈಟ್ ಬಂಡೆಗಳ ಗುಡ್ಡಗಳು. ರಾಯಚೂರು ದಾಟಿ ಕೃಷ್ಣೆ, ಯಾದಗಿರಿಯ ಹತ್ತಿರ ಭೀಮೆ. ವಾಡಿ, ಸೇಡಂ, ತಾಂಡೂರು ಬರುವಷ್ಟರಲ್ಲಿ ಗುಂಡುಬಂಡೆಗಳು ಮಾಯವಾಗಿ ಪದರು ಪದರಾದ ಸುಣ್ಣದ ಕಲ್ಲು ಕಾಣುತ್ತದೆ. ಸಿಮೆಂಟ್ ಕಾರ್ಖಾನೆಗಳು ಅಲ್ಲಿ ಯಾಕಿವೆ ಎಂಬುದಕ್ಕೆ ಬೇರೆ ವಿವರಣೆ ಬೇಡ. ಗಣಿಗಳ ಮಗ್ಗುಲಲ್ಲಿ ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಚಪ್ಪಡಿಗಳು ನಾಡಿನ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಫರಸಿಯ ಬಂಧುಗಳು. ವಿಕಾರಾಬಾದಿನಲ್ಲಿ ಗಾಡಿ ಬೀದರಿನ ಹಳಿಗೆ ಹೊರಳುತ್ತದೆ. ಅಲ್ಲಿಂದ ಮುಂದೆ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ಕಪ್ಪುಕಲ್ಲಿನ ನಾಡು. ಅದರ ನೆತ್ತಿಯ ಮೇಲೆ ಜಹೀರಾಬಾದ್, ಬೀದರ್ ಸುತ್ತಮುತ್ತ ಜಂಬಿಟ್ಟಿಗೆಯ ಕೆಂಪು ಪದರು.

ಈ ಜಂಬಿಟ್ಟಿಗೆ ಅರ್ಥವಾದರೆ ಬೀದರ್ ಊರೇ ಅರ್ಥವಾದಂತೆ. ಕಪ್ಪುಕಲ್ಲು ಯುಗಯುಗಗಳ ಮಳೆ ಬಿಸಿಲಿಗೆ ಸವೆದು, ಅದರೊಳಗಿನ ಸಿಲಿಕಾ ತೊಳೆದುಹೋಗಿ, ಕಬ್ಬಿಣ, ಅಲ್ಯುಮಿನಿಯಂ ಅಂಶ ಉಳಿದದ್ದೇ ಈ ಕೆಂಪು ಕಲ್ಲು. ತೂತು ತೂತಾಗಿರುವುದರಿಂದ ಮಳೆನೀರನ್ನು ಕುಡಿಯುತ್ತದೆ. ಕೆಳಗಿನ ಗಟ್ಟಿ ಕಪ್ಪುಕಲ್ಲು ತಡೆಯುವುದರಿಂದ ನೀರು ಅಲ್ಲೇ ನಿಂತು ಅಡ್ಡಕ್ಕೆ ಒಸರುತ್ತದೆ. ನೌಬಾದಿನ ಸುರಂಗ ಬಾವಿ, ಅಂದರೆ ಬಹಮನಿಗಳ ಕಾಲದ ಕರೇಜ್, ನಿಂತಿರುವುದು ಇದೇ ಗುಟ್ಟಿನ ಮೇಲೆ. ಕೋಟೆಯ ಕಂದಕವನ್ನು ಕಡೆದದ್ದೂ ಇದೇ ಕಲ್ಲಿನಲ್ಲಿ. ಇಷ್ಟನ್ನೂ ಬೀದರಿನಲ್ಲಿ ಇಳಿದ ಮೇಲೆ ಗೈಡ್ ಒಬ್ಬನಿಂದ ಕೇಳಿ ತಿಳಿಯಬಹುದು, ನಿಜ. ಆದರೆ ಗ್ರಾನೈಟ್ ಹೋಗಿ ಸುಣ್ಣದಕಲ್ಲು ಬಂದು, ಅದೂ ಹೋಗಿ ಕಪ್ಪು ನೆಲ ಬಂದು, ಕೊಹೀರ್ ದಾಟಿದ ಮೇಲೆ ಮಣ್ಣು ಇಟ್ಟಿಗೆಯ ಬಣ್ಣಕ್ಕೆ ತಿರುಗುವುದನ್ನು ಒಂದೇ ಕಿಟಕಿಯಲ್ಲಿ ನೋಡಿದವನಿಗೆ ಗೈಡಿನ ಮಾತು ಬೇರೆಯೇ ಕೇಳಿಸುತ್ತದೆ. ಕಣ್ಣಿಗೆ ಕಾಣದ ಇನ್ನೊಂದು ಗೆರೆಯೂ ಈ ದಾರಿಯಲ್ಲಿದೆ. ಕೃಷ್ಣೆ, ಭೀಮೆ, ವಿಕಾರಾಬಾದ್ ಹತ್ತಿರದ ಅನಂತಗಿರಿಯಲ್ಲಿ ಹುಟ್ಟುವ ಮೂಸಿ, ಎಲ್ಲವೂ ಕೃಷ್ಣಾ ಕೊಳ್ಳದವು. ಬೀದರಿನ ಮಾಂಜ್ರಾ ಮತ್ತು ಕಾರಂಜಾ ಸೇರುವುದು ಗೋದಾವರಿಗೆ. ಕರ್ನಾಟಕದ ಪಾಲಿಗೆ ಗೋದಾವರಿ ಕೊಳ್ಳ ಅಂದರೆ ಹೆಚ್ಚುಕಡಿಮೆ ಬೀದರ್ ಜಿಲ್ಲೆಯೇ. ವಿಕಾರಾಬಾದ್ ಮತ್ತು ಬೀದರಿನ ನಡುವೆ ರೈಲು ಸದ್ದಿಲ್ಲದೆ ಆ ಗೆರೆಯನ್ನು ದಾಟುತ್ತದೆ.

ಯಾಕೆ ಚಳಿಗಾಲವೇ ಆಗಬೇಕು? ಏಪ್ರಿಲ್‌ನಲ್ಲಿ ಇದೇ ದಾರಿ ಬಿರುಕು ಬಿಟ್ಟ ಬೋಳು ನೆಲ, ಕಿಟಕಿಯಿಂದ ನುಗ್ಗುವ ಕಾದ ಗಾಳಿ. ಮಳೆಗಾಲದಲ್ಲಿ ಸೋಯಾ, ಉದ್ದು, ಹೆಸರು ಎಲ್ಲ ಒಂದೇ ಹಸಿರಾಗಿ ಕಾಣುತ್ತವೆ. ಹಿಂಗಾರಿನಲ್ಲಿ ಮಾತ್ರ ಒಂದೊಂದು ಹೊಲ ಒಂದೊಂದು ಬಣ್ಣ. ತೊಗರಿ ಒಣಗಿ ಕಂದಾಗಿ ಕೊಯ್ಲಿಗೆ ಬಂದಿರುತ್ತದೆ. ಮಗ್ಗುಲಲ್ಲೇ ಬಿಳಿಜೋಳ ಎದೆಯೆತ್ತರಕ್ಕೆ ನಿಂತು ತೆನೆ ಹಿರಿದಿರುತ್ತದೆ. ನೆಲಕ್ಕಂಟಿದ ಕಡಲೆ, ಅಂಚಿಗೆ ಮುಳ್ಳಿನ ಬೇಲಿಯಂತೆ ಬಿತ್ತಿದ ಕುಸುಬೆ. ಜನವರಿ ಕಳೆಯುವಾಗ ಕುಸುಬೆ ಹಳದಿ, ಕೇಸರಿ ಹೂ ಬಿಟ್ಟರೆ ದೂರದಿಂದಲೇ ಗುರುತು ಹತ್ತುತ್ತದೆ. ಬೀದರ್ ಬಿಟ್ಟು ಭಾಲ್ಕಿಯ ಕಡೆಗೆ ಸಾಗಿದಂತೆ ಕೆಂಪು ಮಣ್ಣು ಮತ್ತೆ ಕಪ್ಪಾಗುತ್ತದೆ, ಕಬ್ಬಿನ ಗದ್ದೆಗಳು ಶುರುವಾಗುತ್ತವೆ. ಅರೆಯುವ ಹಂಗಾಮಾದ್ದರಿಂದ ಕಟಾವಿನ ಗುಂಪುಗಳು, ಹೇರಿಕೊಂಡು ನಿಂತ ಟ್ರ್ಯಾಕ್ಟರ್‌ಗಳು. ಬಿಳಿ ಮೈಮೇಲೆ ಕಪ್ಪು ಮಚ್ಚೆಯ ದನ ಕಂಡರೆ ಅದು ದೇವಣಿ ತಳಿ ಎಂದು ತಿಳಿಯಬಹುದು, ಅದರ ಹೆಸರಿನ ಊರು ಗಡಿಯಾಚೆ ಲಾತೂರ್ ಜಿಲ್ಲೆಯಲ್ಲಿದೆ. ಭಾಲ್ಕಿ ದಾಟಿ ಕಮಲನಗರ ಮುಟ್ಟುವ ಮೊದಲು ಮಾಂಜ್ರಾ. ವಿಮಾನದಿಂದಲೂ ಹೊಲ ಕಾಣುತ್ತದಲ್ಲ ಎನ್ನಬಹುದು. ಬಣ್ಣ ಕಾಣುತ್ತದೆ, ಜೋಳವೋ ಕಡಲೆಯೋ ಹೇಳಲಾಗುವುದಿಲ್ಲ.

ಇನ್ನೊಂದು ದಾರಿ ಕಲಬುರಗಿಯದು. 1990ರ ದಶಕದ ಕೊನೆಯಲ್ಲಿ ಮಂಜೂರಾಗಿ, 2017ರ ಅಕ್ಟೋಬರ್ 29ರಂದು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದ ಬೀದರ್–ಕಲಬುರಗಿ ಮಾರ್ಗ ಸುಮಾರು 110 ಕಿಲೋಮೀಟರ್. ಅಲ್ಲಿಯವರೆಗೆ ರೈಲಿನಲ್ಲಿ ಬೀದರಿನಿಂದ ಪಕ್ಕದ ಕಲಬುರಗಿಗೆ ಹೋಗುವವರು ಪಕ್ಕದ ರಾಜ್ಯವನ್ನು ಸುತ್ತಿಕೊಂಡೇ ಹೋಗಬೇಕಿತ್ತು. ಈ ದಾರಿಯಲ್ಲಿ ಕೆಂಪು ಬಾಳೆಗೆ ಹೆಸರಾದ ಕಮಲಾಪುರವಿದೆ, ಮರಗುತ್ತಿಯ ಬಳಿ ಒಂದೂವರೆ ಕಿಲೋಮೀಟರಿಗೂ ಉದ್ದದ ಸುರಂಗವಿದೆ. ಬಯಲುಸೀಮೆಯಲ್ಲಿ ಸುರಂಗವೇ ಎಂದು ಹುಬ್ಬೇರಿಸುವವರು ಹುಮನಾಬಾದ್ ಎತ್ತರದ ನೆಲದ ಮೇಲಿದೆ ಎಂಬುದನ್ನು ಮರೆತಿರುತ್ತಾರೆ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಜನವರಿಯಲ್ಲಿ, ಮಗ್ಗುಲ ಮಾಣಿಕನಗರದ ದತ್ತ ಜಯಂತಿ ಡಿಸೆಂಬರ್‌ನಲ್ಲಿ. ಎರಡು ಹಳಿಗಳೂ ಕೂಡುವ ಖಾನಾಪುರದಲ್ಲಿ ಮೈಲಾರ ಮಲ್ಲಣ್ಣ. ಹಣೆತುಂಬ ಭಂಡಾರ ಹಚ್ಚಿಕೊಂಡವರು ಅಲ್ಲಿ ಗಾಡಿ ಹತ್ತಿದರೆ ಬೋಗಿಯ ಮಾತೇ ಬದಲಾಗುತ್ತದೆ. ಕನ್ನಡ, ಮರಾಠಿ, ತೆಲುಗು, ದಖನಿ ಒಂದೇ ಬೆಂಚಿನ ಮೇಲೆ ಕೂತಿರುತ್ತವೆ.

ಇನ್ನು ಉಳಿದ ಆಕ್ಷೇಪಗಳು. ಬೀದರಿಗೆ ಹೋಗುವ ರೈಲುಗಳು ಬಹುಪಾಲು ರಾತ್ರಿಯವು, ಏನೂ ಕಾಣುವುದಿಲ್ಲ ಎನ್ನುತ್ತಾರೆ. ಅರ್ಧ ನಿಜ. ಅದಕ್ಕೇ ಟಿಕೆಟ್ ಮಾಡುವ ಮುನ್ನ ಗಾಡಿ ರಾಯಚೂರನ್ನೋ ಕಲಬುರಗಿಯನ್ನೋ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂಬುದನ್ನು ವೇಳಾಪಟ್ಟಿಯಲ್ಲಿ ನೋಡಬೇಕು, ಬೀದರ್ ಮುಟ್ಟುವ ಹೊತ್ತನ್ನಷ್ಟೇ ನೋಡಿದರೆ ಸಾಲದು. ಬಿಡುವಿದ್ದವರು ಕಲಬುರಗಿಯಲ್ಲಿ ಒಂದು ರಾತ್ರಿ ತಂಗಿ, ಬೆಳಗಿನ ಗಾಡಿಯಲ್ಲಿ ಬೀದರಿಗೆ ಹೊರಡಬಹುದು. ರೈಲು ತಡವಾಗುತ್ತದೆ, ಬೋಗಿ ಗಲೀಜಾಗಿರುತ್ತದೆ ಎಂಬುದೂ ಸುಳ್ಳಲ್ಲ, ಅದಕ್ಕೆ ಸಮರ್ಥನೆ ಕೊಡಲು ಹೋಗುವುದಿಲ್ಲ. ನಡುನೋವಿನ ಹಿರಿಯರಿಗೆ, ಕೈಗೂಸಿನ ತಾಯಿಗೆ, ಚಿಕಿತ್ಸೆಗೆ ಹೊರಟವರಿಗೆ ವಿಮಾನವೇ ಸರಿ. ಬೀದರಿನಂಥ ದೂರದ ಜಿಲ್ಲೆಗೆ ಅದು ಇರಲೇಬೇಕು. ಫ್ರಾನ್ಸ್ 2023ರಲ್ಲಿ ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ಮುಟ್ಟಬಹುದಾದ ಊರುಗಳ ನಡುವಿನ ವಿಮಾನಗಳನ್ನು ನಿಲ್ಲಿಸಿತು. ಆ ಅಳತೆಗೋಲು ಇಲ್ಲಿಗೆ ಹೊಂದುವುದಿಲ್ಲ. ಸ್ವಿಟ್ಜರ್ಲೆಂಡಿನ ಗ್ಲೇಸಿಯರ್ ಎಕ್ಸ್‌ಪ್ರೆಸ್ ಹೊಂದುತ್ತದೆ: ಮುನ್ನೂರು ಕಿಲೋಮೀಟರ್‌ಗೂ ಕಡಿಮೆ ದಾರಿಗೆ ಎಂಟು ಗಂಟೆ ಹಿಡಿದು, ಜಗತ್ತಿನ ಅತಿ ನಿಧಾನದ ಎಕ್ಸ್‌ಪ್ರೆಸ್ ಎಂದು ತನ್ನನ್ನು ತಾನೇ ಸಾರಿಕೊಂಡು ಹಿಮಗಾಲದಲ್ಲೂ ಸೀಟು ತುಂಬಿಸುತ್ತದೆ. ನಮ್ಮ ನಿಧಾನಕ್ಕೆ ಯಾರೂ ಜಾಹೀರಾತು ಕೊಟ್ಟಿಲ್ಲ, ಅಷ್ಟೇ. ಹೊಗೆಯ ಲೆಕ್ಕದಲ್ಲಂತೂ ವಾದವೇ ಇಲ್ಲ. ಏರುವಾಗಲೇ ಹೆಚ್ಚು ಇಂಧನ ಸುಡುವ ಚಿಕ್ಕ ದೂರದ ವಿಮಾನ, ತಲೆಗಿಷ್ಟು ಎಂದು ಹಂಚಿದರೆ ರೈಲಿಗಿಂತ ಹಲವು ಪಟ್ಟು ಹೆಚ್ಚು ಇಂಗಾಲ ಬಿಡುತ್ತದೆ.

ಔರಾದಿನವರು ಮಾತ್ರ ಈ ವಾದ ಕೇಳಿ ನಕ್ಕರೆ ತಪ್ಪಿಲ್ಲ. ಅವರ ಊರಿಗೆ ರೈಲೇ ಇಲ್ಲ. ಹಳೆಯ ಔರಾದ್ ತಾಲೂಕಿಗೆ ಇದ್ದ ನಿಲ್ದಾಣ ಕಮಲನಗರ, ಈಗ ಅದೂ ಬೇರೆ ತಾಲೂಕು. ಬೀದರಿನಲ್ಲಿ ಇಳಿದು ಬಸ್ ಹಿಡಿದು, ಕೌಠಾದ ಸೇತುವೆಯ ಮೇಲೆ ಮಾಂಜ್ರಾ ದಾಟಿ ಊರು ಸೇರಬೇಕು. ಬೀದರಿನಿಂದ ಔರಾದ್, ದೇಗಲೂರು ಹಾಯ್ದು ನಾಂದೇಡಕ್ಕೆ ಹಳಿ ಬೇಕೆಂಬ ಬೇಡಿಕೆಗೆ ಬಹಳ ವರ್ಷಗಳಾದವು. ಆದರೂ ಯಾವುದು ಯಾರ ಹತ್ತಿರ ನಿಲ್ಲುತ್ತದೆ ಎಂಬುದನ್ನು ನೋಡಬೇಕು. ಸ್ಟಾರ್ ಏರ್‌ನ ಎಂಬ್ರೇಯರ್ 175ರಲ್ಲಿ 76 ಸೀಟು, ಅದು ನಿಲ್ಲುವುದು ಬೀದರಿನಲ್ಲಿ ಮಾತ್ರ. ಎಕ್ಸ್‌ಪ್ರೆಸ್ ಗಾಡಿಯೊಂದರಲ್ಲಿ ಸಾವಿರಕ್ಕೂ ಮೇಲೆ ಜನ, ಭಾಲ್ಕಿಯವರು ಭಾಲ್ಕಿಯಲ್ಲೇ ಇಳಿಯುತ್ತಾರೆ.

ಈ ವ್ಯತ್ಯಾಸ ಎದ್ದು ಕಾಣುವುದು ಎಳ್ಳ ಅಮಾವಾಸ್ಯೆಯ ವಾರದಲ್ಲಿ. ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋದವರೆಲ್ಲ ಹೊಲದಲ್ಲಿ ಚರಗ ಚೆಲ್ಲಲು, ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿ ಉಣ್ಣಲು ಊರಿಗೆ ಮರಳುತ್ತಾರೆ. ಹೊರಗಿನವರಿಗೂ ಹೊಲದಲ್ಲಿ ಊಟಕ್ಕೆ ಕರೆ ಬರುವುದು ಈ ಕಡೆಯ ರಿವಾಜು, ಅದಕ್ಕೇ ಬೀದರ್ ನೋಡಲು ಇದಕ್ಕಿಂತ ಒಳ್ಳೆಯ ದಿನ ಸಿಗುವುದು ಕಷ್ಟ. ಸೀಟು ಸಿಗುವುದೂ ಅಷ್ಟೇ ಕಷ್ಟ. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 60 ದಿನ ಮೊದಲಷ್ಟೇ ತೆರೆಯುತ್ತದೆ. ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ನೋಡಿ, ಹಿಂದಕ್ಕೆ ಎಣಿಸಿ, ಆ ದಿನ ಬೆಳಿಗ್ಗೆಯೇ ಟಿಕೆಟ್ ಮಾಡಬೇಕು. ಎಸಿ ಬೇಡ. ಸ್ಲೀಪರಿನ ಕಿಟಕಿಗೆ ಬಣ್ಣದ ಗಾಜಿಲ್ಲ. ಬೆಳಗಿನ ಜಾವ ಬೀದರ್ ಸೀಮೆಯಲ್ಲಿ ಥಂಡಿ ಹತ್ತು ಡಿಗ್ರಿಗೂ ಕೆಳಗೆ ಇಳಿಯುವುದುಂಟು, ಕೌದಿಯೊಂದನ್ನು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.