ಕರಾರು ಕಾಯುವ ಗಣಕ: ತಂತ್ರಾಂಶಗಳನ್ನು ಹೋಲಿಸುವುದು ಹೇಗೆ?

'ಕಡತ' ಎಂದರೆ ಇಂದು ನಮಗೆ ಕಚೇರಿಯ ಫೈಲು. ಹಿಂದೆ ಅದು ಬಟ್ಟೆಯ ಪುಸ್ತಕವಾಗಿತ್ತು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಗಳಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ವ್ಯಾಪಾರಿಗಳ ಕೊಡು-ಕೊಳ್ಳುವಿಕೆ, ಮಠಗಳ ಲೆಕ್ಕಪತ್ರ ಇವೆಲ್ಲ ಅದರಲ್ಲಿ ಉಳಿದವು. ಆದರೆ ಕಡತಕ್ಕೆ ಒಂದು ಮಿತಿಯಿದೆ. ಅದನ್ನು ತೆರೆದು ಓದಿದರೆ ಮಾತ್ರ ಅದು ವಿಷಯ ತಿಳಿಸುತ್ತದೆ, ತಾನಾಗಿ ಎಚ್ಚರಿಸುವುದಿಲ್ಲ. ಇಂದಿನ ಕಚೇರಿಯ ಬೀರುವಿನಲ್ಲಿ ಮಲಗಿರುವ ಕರಾರುಪತ್ರಗಳ ಸ್ಥಿತಿಯೂ ಇದೇ. ಈ ಕೊರತೆಯನ್ನು ತುಂಬಲು ಬಂದಿರುವುದೇ ಕರಾರು ನಿರ್ವಹಣಾ ತಂತ್ರಾಂಶ. ಇಂಥವು ಹಲವಿರುವಾಗ ಒಂದನ್ನು ಆರಿಸುವುದು ಹೇಗೆ ಎಂಬುದನ್ನು ನೋಡೋಣ.

ಮೊದಲು, ಕರಾರು ಎಂದರೇನು? 1872ರ ಭಾರತೀಯ ಕರಾರು ಅಧಿನಿಯಮದ ಪ್ರಕಾರ, ಕಾನೂನಿನ ಬಲದಿಂದ ಜಾರಿಗೊಳಿಸಬಹುದಾದ ಒಪ್ಪಂದವೇ ಕರಾರು. ಬಾಯಿಮಾತಿನ ಒಪ್ಪಂದವೂ ಬಹಳಷ್ಟು ಸಂದರ್ಭಗಳಲ್ಲಿ ಕರಾರಾಗಬಲ್ಲದು. ಆದರೆ ಜಗಳ ಬಂದಾಗ ಅದನ್ನು ರುಜುವಾತು ಮಾಡುವುದು ಕಷ್ಟ. ಆದ್ದರಿಂದಲೇ ಬರವಣಿಗೆ, ಸಹಿ, ಸಾಕ್ಷಿ. ನೆನಪಿಡಿ, ಕರಾರಿನ ಆಯುಷ್ಯ ಸಹಿಯೊಂದಿಗೆ ಮುಗಿಯುವುದಿಲ್ಲ. ಕರಡು ತಯಾರಿ, ಚರ್ಚೆ, ಒಪ್ಪಿಗೆ, ಸಹಿ ಇವು ಮೊದಲ ಅರ್ಧ. ಹೇಳಿದಂತೆ ನಡೆಯುವುದು, ಹಣ ಪಾವತಿ, ನವೀಕರಣ ಅಥವಾ ಮುಕ್ತಾಯ ಇವು ಎರಡನೆಯ ಅರ್ಧ. ನಷ್ಟ ಹೆಚ್ಚಾಗಿ ಆಗುವುದು ಯಾರೂ ಗಮನಿಸದ ಈ ಎರಡನೆಯ ಅರ್ಧದಲ್ಲಿ.

ಒಂದು ಉದಾಹರಣೆ

ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಒಂದು ಸಣ್ಣ ಕಾರ್ಖಾನೆ ಇದೆಯೆಂದು ಭಾವಿಸಿ. ಅದಕ್ಕೆ ಕಟ್ಟಡದ ಬಾಡಿಗೆ ಕರಾರಿದೆ, ಜನರೇಟರ್ ದುರಸ್ತಿಯ ವಾರ್ಷಿಕ ಕರಾರಿದೆ, ದೊಡ್ಡ ಕಂಪನಿಗಳಿಗೆ ಮಾಲು ಸರಬರಾಜು ಮಾಡುವ ಕರಾರುಗಳಿವೆ. ದುರಸ್ತಿಯ ಕರಾರು ಮಾರ್ಚ್ 31ಕ್ಕೆ ಮುಗಿಯುತ್ತದೆ. ಆದರೆ ಅದರಲ್ಲಿ ಸಣ್ಣ ಅಕ್ಷರದ ಒಂದು ಷರತ್ತಿದೆ: 'ಮುಗಿಯುವುದಕ್ಕೆ 60 ದಿನ ಮೊದಲು ನೋಟಿಸು ಕೊಡದಿದ್ದರೆ ಕರಾರು ಇನ್ನೊಂದು ವರ್ಷ ಮುಂದುವರಿಯುತ್ತದೆ.' ಹಾಗಾದರೆ ಮಾಲೀಕರು ನೆನಪಿಡಬೇಕಾದ ದಿನ ಯಾವುದು? ಮಾರ್ಚ್ 31 ಅಲ್ಲ, ಜನವರಿ 30. ಅಧಿಕ ವರ್ಷವಾದರೆ ಜನವರಿ 31. ಆ ದಿನ ದಾಟಿದರೆ ಬೇಡವಾದ ಸೇವೆಗೆ ಮತ್ತೊಂದು ವರ್ಷ ಹಣ ತೆರಬೇಕಾಗುತ್ತದೆ.

ಇಂಥ ಕರಾರುಗಳು ಹತ್ತಿದ್ದರೆ ಗೋಡೆಯ ಕ್ಯಾಲೆಂಡರು ಸಾಕು. ಐವತ್ತಾದರೆ ಎಕ್ಸೆಲ್‌ನಂಥ ಕೋಷ್ಟಕ ಬೇಕು. ನೂರಾರು ಕರಾರುಗಳಿದ್ದು, ಅವನ್ನು ಹಲವರು ತಿದ್ದುವಂತಿದ್ದರೆ ಆಗ ತಂತ್ರಾಂಶದ ಮಾತು ಬರುತ್ತದೆ. ಹೋಲಿಕೆಯ ಮೊದಲ ಪ್ರಶ್ನೆ 'ಯಾವುದು ಒಳ್ಳೆಯದು?' ಎಂಬುದಲ್ಲ, 'ನಮಗೆ ಬೇಕಾದದ್ದು ಎಷ್ಟು?' ಎಂಬುದು.

ಮಾರುಕಟ್ಟೆಯಲ್ಲಿರುವ ಬಗೆಗಳು

ಈ ತಂತ್ರಾಂಶಗಳು ಬೇರೆ ಬೇರೆ ಮೂಲಗಳಿಂದ ಬೆಳೆದು ಬಂದಿವೆ. ಆ ಮೂಲದ ಗುಣ ಇಂದಿಗೂ ಅವುಗಳಲ್ಲಿ ಕಾಣುತ್ತದೆ. 2003ರಲ್ಲಿ ಅಮೆರಿಕದಲ್ಲಿ ಆರಂಭವಾದ ಡಾಕ್ಯುಸೈನ್ ಮೊದಲು ಹೆಸರಾದದ್ದು ವಿದ್ಯುನ್ಮಾನ ಸಹಿಗೆ. 2018ರಲ್ಲಿ ಸ್ಪ್ರಿಂಗ್‌ಸಿಎಂ ಎಂಬ ಕಂಪನಿಯನ್ನು ಕೊಂಡು ಕರಾರು ನಿರ್ವಹಣೆಯ ಕಡೆಗೆ ವಿಸ್ತರಿಸಿತು. 2009ರಲ್ಲಿ ಹುಟ್ಟಿದ, ಪುಣೆಯಲ್ಲಿಯೂ ನೆಲೆಯಿರುವ ಐಸರ್ಟಿಸ್, ದೇಶ ದೇಶಗಳಲ್ಲಿ ವ್ಯವಹರಿಸುವ ದೊಡ್ಡ ಸಂಸ್ಥೆಗಳನ್ನು ಕಣ್ಣಮುಂದಿಟ್ಟುಕೊಂಡದ್ದು. 2014ರ ಐರನ್‌ಕ್ಲಾಡ್ ಕಂಪನಿಗಳ ಕಾನೂನು ವಿಭಾಗದ ಕೆಲಸದ ಸರಣಿಯನ್ನು ಸುಗಮಗೊಳಿಸಲು ಹೊರಟದ್ದು. ತಮಿಳುನಾಡು ಮೂಲದ ಜೋಹೊ ಸಂಸ್ಥೆಯ ಕರಾರು ತಂತ್ರಾಂಶ, ಅದೇ ಸಂಸ್ಥೆಯ ಇತರ ಕಚೇರಿ ತಂತ್ರಾಂಶಗಳನ್ನು ಬಳಸುವವರಿಗೆ ಹೊಂದಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ನೆಲೆಯಿರುವ ಸ್ಪಾಟ್‌ಡ್ರಾಫ್ಟ್ ಕೂಡ ಈ ಕ್ಷೇತ್ರದಲ್ಲಿದೆ.

ಇವುಗಳ ಜಾಹೀರಾತುಗಳನ್ನು ಪಕ್ಕಪಕ್ಕ ಇಟ್ಟರೆ ಎಲ್ಲವೂ ಒಂದೇ ಎನಿಸೀತು. ವ್ಯತ್ಯಾಸ ಗೊತ್ತಾಗಬೇಕಾದರೆ ನಮ್ಮದೇ ನಾಲ್ಕಾರು ಕರಾರುಗಳನ್ನು ಕೊಟ್ಟು ಪರೀಕ್ಷಿಸಬೇಕು.

ಐದು ಪರೀಕ್ಷೆಗಳು

ಒಂದು, ಹುಡುಕಾಟ. ದೂರದರ್ಶನದ ಕೆಲಸವನ್ನೇ ತೆಗೆದುಕೊಳ್ಳಿ. ಒಂದು ಕಾರ್ಯಕ್ರಮದ ಹಿಂದೆ ಲೇಖಕರ, ಗಾಯಕರ, ಹಳೆಯ ಚಿತ್ರತುಣುಕಿನ ಒಡೆಯರ ಕರಾರುಗಳಿರುತ್ತವೆ. 'ಇವುಗಳಲ್ಲಿ ಅಂತರಜಾಲದ ಹಕ್ಕು ಯಾವುದರಲ್ಲಿ ಸೇರಿದೆ?' ಎಂದು ಕೇಳಿದರೆ ತಂತ್ರಾಂಶ ಉತ್ತರಿಸಬೇಕು. ಹಳೆಯ ಕಾಗದಗಳ ಸ್ಕ್ಯಾನ್ ಪ್ರತಿಯನ್ನು ಅದು ಓದಬಲ್ಲದೆ? ಕನ್ನಡದಲ್ಲಿ ಬರೆದ ಬಾಡಿಗೆ ಕರಾರನ್ನು ಓದಬಲ್ಲದೆ? ಕೇಳಿ ಬಿಡಬೇಡಿ, ಮಾಡಿಸಿ ನೋಡಿ.

ಎರಡು, ಎಚ್ಚರಿಕೆ. ಮೇಲೆ ಹೇಳಿದ ಜನವರಿ 30ನ್ನು ಅದು ತಾನೇ ಲೆಕ್ಕ ಹಾಕುತ್ತದೆಯೆ? ಹೊಣೆಗಾರ ರಜೆಯಲ್ಲಿದ್ದರೆ ಎಚ್ಚರಿಕೆ ಇನ್ನೊಬ್ಬರಿಗೆ ಹೋಗುತ್ತದೆಯೆ?

ಮೂರು, ಆವೃತ್ತಿ ಮತ್ತು ಅಧಿಕಾರ. ಕರಡಿನಲ್ಲಿ ಯಾರು, ಯಾವಾಗ, ಯಾವ ಪದ ಬದಲಿಸಿದರು ಎಂಬುದು ದಾಖಲಾಗಬೇಕು. ನೌಕರರ ಸಂಬಳದ ಕರಾರು ಎಲ್ಲರ ಕಣ್ಣಿಗೆ ಬೀಳಬಾರದು.

ನಾಲ್ಕು, ಸಹಿ. ಇದನ್ನು ಮುಂದೆ ವಿವರಿಸಿದೆ.

ಐದು, ಹೊರಬರುವ ದಾರಿ. ನಾಳೆ ಆ ಕಂಪನಿ ಮುಚ್ಚಿದರೆ, ಅಥವಾ ಶುಲ್ಕ ಏರಿಸಿದರೆ, ನಮ್ಮ ಕರಾರುಗಳನ್ನೂ ಅವುಗಳ ದಿನಾಂಕಗಳನ್ನೂ ಸಾಮಾನ್ಯ ರೂಪದಲ್ಲಿ ಹಿಂದಕ್ಕೆ ಪಡೆಯಬಹುದೆ? ಅನೇಕರು ಮರೆಯುವ ಪ್ರಶ್ನೆ ಇದು.

ಬೆಲೆಯನ್ನು ನೋಡುವಾಗ ವಾರ್ಷಿಕ ಶುಲ್ಕವೊಂದನ್ನೇ ನೋಡಬಾರದು. ಹಳೆಯ ಕರಾರುಗಳನ್ನೆಲ್ಲ ಒಳಗೆ ಸೇರಿಸುವ ಶ್ರಮ, ಸಿಬ್ಬಂದಿಯ ತರಬೇತಿ ಇವೂ ವೆಚ್ಚವೇ.

ವಿದ್ಯುನ್ಮಾನ ಸಹಿಯ ಒಳಗುಟ್ಟು

ಸಹಿಯ ಚಿತ್ರವನ್ನು ಕಾಗದದ ಮೇಲೆ ಅಂಟಿಸುವುದು ಡಿಜಿಟಲ್ ಸಹಿಯಲ್ಲ. ಡಿಜಿಟಲ್ ಸಹಿ ಗಣಿತದ ಕೆಲಸ. ಮೊದಲು ಇಡೀ ದಾಖಲೆಯಿಂದ 'ಹ್ಯಾಷ್' ಎಂಬ ಸಂಖ್ಯೆಯನ್ನು ತೆಗೆಯುತ್ತಾರೆ. ಎಸ್‌ಎಚ್‌ಎ-256 ವಿಧಾನದಲ್ಲಿ, ದಾಖಲೆ ಒಂದು ಪುಟವಿರಲಿ, ಸಾವಿರ ಪುಟವಿರಲಿ, ಈ ಸಂಖ್ಯೆ 256 ಬಿಟ್‌ಗಳಷ್ಟೇ. ಸಹಿ ಮಾಡುವವರ ಗುಟ್ಟಿನ ಕೀಲಿಯಿಂದ ಅದಕ್ಕೆ ಮುದ್ರೆ ಬೀಳುತ್ತದೆ. ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ಅದನ್ನು ಪರಿಶೀಲಿಸಬಹುದು. ಬಳಿಕ ದಾಖಲೆಯ ಒಂದು ಅಲ್ಪವಿರಾಮ ಬದಲಾದರೂ ಹ್ಯಾಷ್ ಬದಲಾಗಿ, ಗುಟ್ಟು ರಟ್ಟಾಗುತ್ತದೆ.

ಭಾರತದಲ್ಲಿ 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಅಧಿನಿಯಮ ಇಂಥ ಸಹಿಗೆ ಮನ್ನಣೆ ನೀಡಿತು. 2008ರ ತಿದ್ದುಪಡಿಯಿಂದ ಸೇರಿದ 10ಎ ಕಲಮು, ವಿದ್ಯುನ್ಮಾನ ರೂಪದಲ್ಲಿದೆ ಎಂಬ ಕಾರಣಕ್ಕಷ್ಟೇ ಕರಾರು ಅಸಿಂಧುವಾಗದು ಎಂದು ಸ್ಪಷ್ಟಪಡಿಸಿತು. ಆದರೆ ಉಯಿಲಿನಂಥ ಕೆಲವು ದಸ್ತಾವೇಜುಗಳು ಈ ಕಾನೂನಿನ ವ್ಯಾಪ್ತಿಯಿಂದ ಹೊರಗಿವೆ. ಸಹಿ ವಿದ್ಯುನ್ಮಾನವಾದ ಮಾತ್ರಕ್ಕೆ ಮುದ್ರಾಂಕ ಶುಲ್ಕವೂ ತಪ್ಪುವುದಿಲ್ಲ. ಕರ್ನಾಟಕದಲ್ಲಿ ಅದಕ್ಕೆ 1957ರ ಮುದ್ರಾಂಕ ಅಧಿನಿಯಮವಿದೆ.

ಯಂತ್ರ ಓದುತ್ತದೆ, ತೂಗುವವರು ಯಾರು?

ಇತ್ತೀಚಿನ ತಂತ್ರಾಂಶಗಳು ಕೃತಕ ಬುದ್ಧಿಮತ್ತೆಯಿಂದ ಕರಾರನ್ನು ಓದಿ ದಿನಾಂಕ, ಮೊತ್ತ, ಷರತ್ತುಗಳನ್ನು ಹೆಕ್ಕಿ ತೆಗೆಯುತ್ತವೆ. ನಮ್ಮ ಪೀಣ್ಯದ ಕಾರ್ಖಾನೆಯ ಸರಬರಾಜು ಕರಾರಿನಲ್ಲಿ 'ಹಣ ಪಾವತಿ 90 ದಿನಗಳಲ್ಲಿ' ಎಂದಿದೆ ಎಂದುಕೊಳ್ಳಿ. ತಂತ್ರಾಂಶ 90 ಎಂಬುದನ್ನು ಸರಿಯಾಗಿಯೇ ಹೆಕ್ಕಿ, 90ನೆಯ ದಿನಕ್ಕೆ ಎಚ್ಚರಿಕೆಯನ್ನೂ ಇಟ್ಟೀತು. ಆದರೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮದ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಮಾಲು ಕೊಂಡವರು, ಕರಾರಿನಲ್ಲಿ ಏನೇ ಬರೆದಿದ್ದರೂ, ಮಾಲನ್ನು ಒಪ್ಪಿಕೊಂಡ 45 ದಿನಗಳೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ, ತಿಂಗಳು ತಿಂಗಳಿಗೆ ಕೂಡುವ ಚಕ್ರಬಡ್ಡಿ ಸಲ್ಲಬೇಕು.

ಈ ಕಾನೂನು ತಿಳಿದ ಮಾಲೀಕರು 46ನೆಯ ದಿನವೇ ಹಣ ಕೇಳುತ್ತಾರೆ. ತಿಳಿಯದವರು ಕಾರ್ಮಿಕರ ಸಂಬಳಕ್ಕೆ ಸಾಲ ಮಾಡಿ 90 ದಿನ ಕಾಯುತ್ತಾರೆ. ಇಬ್ಬರ ಬಳಿಯೂ ಒಂದೇ ತಂತ್ರಾಂಶವಿರಬಹುದು. ಬರೆದದ್ದನ್ನು ಯಂತ್ರ ನೆನಪಿಸುತ್ತದೆ. ಬರೆದದ್ದು ನ್ಯಾಯವೇ ಎಂದು ತೂಗುವ ಹೊಣೆ ಓದುವವರದು.

ನೀವೇ ಮಾಡಿ ನೋಡಿ

ನಿಮ್ಮ ಮನೆಯ ಬಾಡಿಗೆ ಕರಾರನ್ನೋ, ಹಾಸ್ಟೆಲಿನ ನಿಯಮಪತ್ರವನ್ನೋ ಹಿರಿಯರಿಂದ ಕೇಳಿ ಪಡೆಯಿರಿ. ಒಂದು ಹಾಳೆಯ ಮೇಲೆ ಆರು ಅಂಕಣ ಎಳೆಯಿರಿ: ಯಾರು ಯಾರ ನಡುವೆ, ಆರಂಭದ ದಿನ, ಮುಗಿಯುವ ದಿನ, ನೋಟಿಸಿನ ಕಡೆಯ ದಿನ, ಕೊಡಬೇಕಾದ ಮೊತ್ತ, ಮುರಿದರೆ ಏನು. ಬಾಡಿಗೆಯ ಅವಧಿ 11 ತಿಂಗಳು ಎಂದಿದ್ದರೆ ಅದಕ್ಕೂ ಕಾರಣವಿದೆ: ಒಂದು ವರ್ಷ ಮೀರುವ ಗೇಣಿ ಅಥವಾ ಬಾಡಿಗೆ ಪತ್ರವನ್ನು 1908ರ ನೋಂದಣಿ ಅಧಿನಿಯಮದಂತೆ ಕಡ್ಡಾಯವಾಗಿ ನೋಂದಾಯಿಸಬೇಕು.

ಆ ಆರು ಅಂಕಣಗಳೇ ಎಲ್ಲ ಕರಾರು ತಂತ್ರಾಂಶಗಳ ತಿರುಳು. ಅವನ್ನು ಕೈಯಿಂದ ತುಂಬಲು ಕಲಿತವರು ಯಾವ ತಂತ್ರಾಂಶವನ್ನೂ ಧೈರ್ಯವಾಗಿ ಹೋಲಿಸಬಲ್ಲರು. ಮುಂದೆ ನಿಮ್ಮ ಕೈಗೆ ಬರುವ ಮೊದಲ ನೇಮಕಾತಿ ಪತ್ರವೂ ಒಂದು ಕರಾರೇ. ಅದಕ್ಕೆ ಸಹಿ ಹಾಕುವ ಮೊದಲು ಈ ಆರು ಅಂಕಣಗಳನ್ನು ತುಂಬಿ ನೋಡಿ.